ಎಣಿಸಿದ್ದೀರಿ, ನೋಡಿಲ್ಲ

ನಮಸ್ಕಾರ.

ಜಪಾನಿನ ನಿರ್ದೇಶಕ ಒಝು ಅವರ ‘ಟೋಕಿಯೋ ಸ್ಟೋರಿ’ ಸಿನಿಮಾದಲ್ಲಿ ಯಾರಿಗೆ ಜಾಗ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಅಂತ ನೀವು ಬರೆದ ಲೇಖನ ತಲುಪಿತು. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎರಡು ಸಾಲು ನನ್ನನ್ನು ತುಂಬಾ ಕಾಡಿದವು. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು: “ನೊರಿಕೊಗೆ ಸ್ವಂತ ದನಿಯೇ ಇಲ್ಲ, ಅತ್ತೆ ಮಾವನ ಸೇವೆಗಷ್ಟೇ ಇರುವ ಬೊಂಬೆ.”

ಸೊಸೆ ನೊರಿಕೊಳ ಕೋಣೆಯ ದೃಶ್ಯ ಇನ್ನೊಮ್ಮೆ ನೋಡಿ. ಗಂಡ ಯುದ್ಧದಲ್ಲಿ ತೀರಿಹೋಗಿ ಎಂಟು ವರ್ಷ. ಟೋಕಿಯೋದ ಮಕ್ಕಳನ್ನು ನೋಡಲು ಊರಿಂದ ಬಂದ ಅತ್ತೆ ಮಾವ ಅವಳ ಮನೆಗೂ ಬಂದಿದ್ದಾರೆ, ಮನೆಯಲ್ಲಿ ‘ಸಾಕೆ’ (ಜಪಾನಿನ ಅಕ್ಕಿ ಮದ್ಯ) ಇಲ್ಲ. ಪಕ್ಕದ ಮನೆಯಿಂದ ಕೇಳಿ ತರುತ್ತಾಳೆ. ಆಮೇಲೆ ಅದನ್ನು ಕುಡಿಯಲು ಬಟ್ಟಲು ಬೇಕು ಅಂತ ಮತ್ತೆ ಹೋಗುತ್ತಾಳೆ. ಅವರು ಊಟ ಮಾಡುವಾಗ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಾಳೆ. ನೀವು ಬೀಸಣಿಗೆ ಬಗ್ಗೆ ಬರೆದಿದ್ದೀರಿ, ಬಟ್ಟಲಿನ ಬಗ್ಗೆ ಒಂದು ಮಾತೂ ಇಲ್ಲ. ಒಂಟಿ ಹೆಂಗಸಿನ ಮನೆಯಲ್ಲಿ ಸಾಕೆ ಬಟ್ಟಲು ಯಾಕಿರುತ್ತದೆ? ಕುಡಿಯುತ್ತಿದ್ದವನು ಈಗಿಲ್ಲ, ಅಲ್ವಾ?

ಕೊನೆಗೆ ಅತ್ತೆ ತೀರಿಕೊಂಡ ಮೇಲೆ ಮಾವ ಅವಳನ್ನು ಒಳ್ಳೆಯವಳು ಅಂತ ಹೊಗಳುತ್ತಾನೆ. ಅವಳು ಒಪ್ಪುವುದಿಲ್ಲ. ತಾನು ಕಪಟಿ, ಗಂಡನ ನೆನಪೇ ಬಾರದ ದಿನಗಳೂ ಇವೆ, ಮನಸ್ಸು ಏನನ್ನೋ ಕಾಯುತ್ತಿದೆ ಅನ್ನುತ್ತಾಳೆ. 1953ರ ಸಿನಿಮಾದಲ್ಲಿ ಒಬ್ಬ ವಿಧವೆ ಮಾವನ ಎದುರು ಕೂತು ಇಷ್ಟು ಹೇಳುತ್ತಾಳೆ. ಇದು ದನಿ ಅಲ್ಲದಿದ್ದರೆ ಮತ್ತೇನು? ನಿಮ್ಮ ಆರು ಪುಟಗಳಲ್ಲಿ ಈ ದೃಶ್ಯವೇ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ.

ನಾನು ಹೊಸದಾಗಿ ವಾರಪತ್ರಿಕೆಗೆ ಸೇರಿದಾಗ ಒಂದು ಸಿನಿಮಾದ ತಾಯಿ ಪಾತ್ರವನ್ನು “ಸವಕಲು” ಅಂತ ಒಂದೇ ಪದದಲ್ಲಿ ಮುಗಿಸಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಕರೆದು, “ಮಗ ಮನೆ ಬಿಡುವಾಗ ಅವಳ ಕೈಯಲ್ಲಿ ಏನಿತ್ತು?” ಅಂತ ಕೇಳಿದರು. ಗೊತ್ತಿರಲಿಲ್ಲ. ಟಿಕೆಟ್ಟಿಗೆ ಅವರೇ ದುಡ್ಡು ಕೊಟ್ಟು ಕಳಿಸಿದರು. ಅವಳ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಅಷ್ಟು ಹೊತ್ತೂ ಅದನ್ನು ಹಿಂಡುತ್ತಲೇ ಇದ್ದಳು. ಆ ರಾತ್ರಿ ವಿಮರ್ಶೆ ಪೂರ್ತಿ ಹೊಸದಾಗಿ ಬರೆದೆ.

ನಿಮ್ಮ ಎರಡನೇ ಸಾಲು: “ಇಲ್ಲಿ ವೈವಿಧ್ಯವೇ ಇಲ್ಲ, ಎಲ್ಲರೂ ಒಂದೇ ಥರ, ಮಾತೂ ಒಂದೇ ಥರ.”

ಮಾತು ಒಂದೇ ಥರ ಇರುವುದು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ. ಮುದುಕ ಮುದುಕಿ ಆಡುವುದು ತಮ್ಮೂರು ಒನೊಮಿಚಿ ಕಡೆಯ ಮಾತು. ಟೋಕಿಯೋದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಶಿಗೆ ಎಂಬ ಮಗಳು ಮಾತಿನಲ್ಲೂ ಪಟ್ಟಣದವಳಾಗಿದ್ದಾಳೆ. ಧಾರವಾಡದ ಅಪ್ಪ ಬೆಂಗಳೂರಿನ ಮಗಳ ಮನೆಗೆ ಬಂದರೆ ಆ ದೂರ ನಮ್ಮ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ಜಪಾನೀ ಭಾಷೆ ಬಾರದಿದ್ದರೂ ಪರವಾಗಿಲ್ಲ, ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ನೆ ಕೇಳಿ.

ಯಾರು ಇಲ್ಲ ಅನ್ನುವ ನಿಮ್ಮ ಪ್ರಶ್ನೆ ಸರಿಯಾದದ್ದೇ. ಅದನ್ನು ಬಿಡಬೇಡಿ. ಆದರೆ ಯಾರ್ಯಾರಿಗೆ ಜಾಗ ಇದೆ ಅಂತ ಎಣಿಸಲು ಇವತ್ತಿನ ಹಾಲಿವುಡ್‌ಗೆ ಮಾಡಿದ ಪಟ್ಟಿ ಹಿಡಿದು ಕೇಳಿದ್ದೀರಿ. ಆ ಕಾಲದ ಜಪಾನಿನಲ್ಲಿ ನಿಂತು ಕೇಳಿ. 1952ರಲ್ಲಿ ಎರಡನೇ ಮಹಾಯುದ್ಧದ ಶಾಂತಿ ಒಪ್ಪಂದ ಜಾರಿಗೆ ಬಂದಾಗ ಅಲ್ಲೇ ನೆಲೆಸಿದ್ದ ಕೊರಿಯನ್ನರು ಜಪಾನಿನ ಪೌರತ್ವ ಕಳೆದುಕೊಂಡರು. ಮರುವರ್ಷ ಬಂದ ಈ ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ. ಒನೊಮಿಚಿ ಇರುವುದು ಹಿರೋಷಿಮಾ ಪ್ರಾಂತ್ಯದಲ್ಲಿ. ಅಣುಬಾಂಬಿನ ಬಗ್ಗೆ ಆ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ. ಈ ಎರಡು ಮೌನಗಳ ಬಗ್ಗೆ ನೀವು ಬರೆದರೆ ಓದಲು ನನಗೆ ನಿಜಕ್ಕೂ ಆಸೆ ಇದೆ.

ಸಿನಿಮಾ ಇನ್ನೊಮ್ಮೆ ನೋಡಿ. ಈ ಸಲ ಲೇಖನವನ್ನು ಆ ಬಟ್ಟಲಿನಿಂದ ಶುರು ಮಾಡಿ, ಜಾಸ್ತಿ ತಡ ಮಾಡದೆ ಕಳಿಸಿ. ಕಾಯುತ್ತಿರುತ್ತೇನೆ.