ಇಳಿಯುತ್ತಿದ್ದ ತೂಕ ನಿಂತುಹೋದಾಗ

ಪ್ರಶ್ನೆ: ನನಗೆ 46 ವರ್ಷ. ಅನ್ನ, ಸಿಹಿ ಕಡಿಮೆ ಮಾಡಿ, ದಿನವೂ ನಡೆದು ಐದು ತಿಂಗಳಲ್ಲಿ 84 ಕಿಲೋದಿಂದ 76ಕ್ಕೆ ಇಳಿದೆ. ಮಳೆಗಾಲ ಹಿಡಿದ ಮೇಲೆ ಎರಡು ತಿಂಗಳಿನಿಂದ ತೂಕ ಕದಲುತ್ತಿಲ್ಲ. ಈಗ ರಾತ್ರಿಯ ಗಂಜಿಯನ್ನೂ ಬಿಟ್ಟಿದ್ದೇನೆ. ಇನ್ನೇನು ಮಾಡಲಿ?
– ಓದುಗ ಮಹಿಳೆಯೊಬ್ಬರು, ಬದಿಯಡ್ಕ

ಉತ್ತರ: ಮೊದಲು ರಾತ್ರಿಯ ಗಂಜಿಯನ್ನು ಮತ್ತೆ ಆರಂಭಿಸಿ, ಅದರ ಜೊತೆಗೆ ಬೇಯಿಸಿದ ಹೆಸರುಕಾಳನ್ನೋ ಹುರುಳಿಯನ್ನೋ ಸೇರಿಸಿಕೊಳ್ಳಿ. ಎಂಟು ಕಿಲೋ ಇಳಿಸಿದ ನಿಮ್ಮ ದೇಹಕ್ಕೆ ಈಗ ಮೊದಲಿನಷ್ಟು ಆಹಾರ ಬೇಕಾಗಿಲ್ಲ. ಹಗುರವಾದ ಮೈಯನ್ನು ಹೊತ್ತು ನಡೆಯಲು ಖರ್ಚಾಗುವ ಶಕ್ತಿಯೂ ಕಡಿಮೆ. ಆರಂಭದಲ್ಲಿ ತೂಕ ಇಳಿಸಿದ ಊಟವೇ ಈಗ ಅದನ್ನು ಇದ್ದಲ್ಲೇ ನಿಲ್ಲಿಸುವುದು ಇದೇ ಕಾರಣದಿಂದ, ನಿಮ್ಮ ಶ್ರದ್ಧೆಯ ಕೊರತೆಯಿಂದಲ್ಲ. ಆದರೆ ಇಡೀ ಊಟವನ್ನೇ ಬಿಟ್ಟರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಆಗ ದೇಹದ ಶಕ್ತಿಯ ಖರ್ಚು ಇನ್ನಷ್ಟು ತಗ್ಗುತ್ತದೆ. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದಿನಕ್ಕೆ 70 ಗ್ರಾಂನಷ್ಟು ಪ್ರೋಟೀನ್ ಸಿಗುವಂತೆ ಕಾಳು, ಮೊಸರು, ಮೊಟ್ಟೆಗಳನ್ನು, ಮೀನು ತಿನ್ನುವವರಾದರೆ ಬಂಗುಡೆ, ಬೂತಾಯಿಗಳನ್ನು ಮೂರು ಹೊತ್ತಿಗೂ ಹಂಚಿಕೊಳ್ಳಿ.

ಕಡಿಮೆ ಮಾಡಬೇಕಾದದ್ದು ಬೇರೆ ಕಡೆ ಇದೆ. ನಮ್ಮ ಕಡೆಯವರು ಅನ್ನವನ್ನು ಅಳೆಯುತ್ತಾರೆ, ಕಾಯಿಯನ್ನು ಅಳೆಯುವುದಿಲ್ಲ. ನೂರು ಗ್ರಾಂ ಹಸಿ ತೆಂಗಿನತುರಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 120. ಬೆಳಗಿನ ಚಟ್ನಿ, ಮಧ್ಯಾಹ್ನದ ಮೇಲಾರ ಅಥವಾ ಗಸಿ, ಪಲ್ಯದ ಮೇಲೆ ಉದುರಿಸಿದ ತುರಿ, ಮಳೆಯ ಸಂಜೆ ಕರಿದ ಹಲಸಿನ ಹಪ್ಪಳ – ಇವೆಲ್ಲ ಸೇರಿದರೆ ನೀವು ಬಿಟ್ಟ ಗಂಜಿಯ ಲೆಕ್ಕವನ್ನು ಸುಲಭವಾಗಿ ಮೀರುತ್ತವೆ. ತೆಂಗನ್ನು ಬಿಡಬೇಕೆಂದು ಹೇಳುತ್ತಿಲ್ಲ, ಬಿಡಿಸುವುದು ನನಗೆ ಇಷ್ಟವೂ ಇಲ್ಲ. ಒಂದು ವಾರ ತುರಿಯನ್ನೂ ಎಣ್ಣೆಯನ್ನೂ ಅಳೆದು ಬಳಸಿ ನೋಡಿ.

ಉಪ್ಪಿನ ಸೊಳೆ, ಉಪ್ಪಿನಕಾಯಿ, ಒಣಮೀನು ಹೆಚ್ಚಾದ ದಿನಗಳಲ್ಲಿ ದೇಹವು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರಗಿದ ಕೊಬ್ಬು ತಕ್ಕಡಿಯಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ವಾರಕ್ಕೊಮ್ಮೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂಟಿಮೀಟರಿಗಿಂತ ಕೆಳಗಿರುವುದು ಒಳ್ಳೆಯದು.

ಮಳೆ ಹಿಡಿದ ಮೇಲೆ ತೂಕ ನಿಂತಿತೆಂದು ಬರೆದಿದ್ದೀರಿ. ನಡಿಗೆಯ ಜೊತೆಗೆ ತೋಟಕ್ಕೆ ಹೋಗಿಬರುವಂಥ ಓಡಾಟವೂ ನಿಂತಿರಬಹುದು. ಜಗಲಿಯಲ್ಲೇ ಹತ್ತು ಹತ್ತು ನಿಮಿಷ ಮೂರು ಬಾರಿ ಬಿರುಸಾಗಿ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು – ಇವನ್ನು ಮಾಡಿದರೆ ಸ್ನಾಯು ಉಳಿಯುತ್ತದೆ.

ಆರೆಂಟು ವಾರ ಹೀಗೆ ನಡೆದುಕೊಂಡರೂ ತೂಕವಾಗಲಿ ಸೊಂಟವಾಗಲಿ ಇಳಿಯದಿದ್ದರೆ, ಅಥವಾ ವಿಪರೀತ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಕಾಣಿಸಿದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ಊಟದಲ್ಲಿ ಯಾವ ಬದಲಾವಣೆ ಮಾಡುವ ಮೊದಲೂ ನಿಮ್ಮ ವೈದ್ಯರನ್ನು ಕೇಳಿ.