ಎರಿಮಣ್ಣಿನ ದಾರಿಯಲ್ಲಿ ಸಣ್ಣ ಕಾರಿನ ತಳ ಬಡಿಯುತ್ತದೆ, ಎತ್ತರಿಸುವುದು ಹೇಗೆ?

ಮೊದಲು ಸ್ಪ್ರಿಂಗ್ ನೋಡಿಸಿ, ಆಮೇಲೆ ಟೈರ್. ಸ್ಪೇಸರ್, ಅಂದರೆ ಎತ್ತರಕ್ಕಾಗಿ ನಡುವೆ ಇಡುವ ದಪ್ಪ ಬಿಲ್ಲೆ, ಕೊನೆಯ ದಾರಿ.

ಗದಗ, ನರಗುಂದದ ಹೊಲದ ದಾರಿಗಳಲ್ಲಿ ಮಳೆಗಾಲದ ಟ್ರ್ಯಾಕ್ಟರ್ ಜಾಡು ಒಣಗಿದಾಗ ನಡುವಿನ ದಿಬ್ಬ ಕಲ್ಲಿನಂತಾಗುತ್ತದೆ. ನಾಲ್ಕು ಜನ ಕೂತಾಗ ಮಾತ್ರ ತಳ ಬಡಿಯುತ್ತಿದ್ದರೆ ಹಿಂದಿನ ಸ್ಪ್ರಿಂಗ್ ಕುಸಿದಿರಬಹುದು. ಜೋಡಿಯಾಗಿ ಹೊಸದು ಹಾಕಿಸಿದರೆ ಕಳೆದುಹೋದ ಎತ್ತರ ಮರಳುತ್ತದೆ. ಸುರುಳಿಗಳ ನಡುವೆ ಕೂಡಿಸುವ ರಬ್ಬರ್ ಬಫರ್ ಭಾರ ಬಿದ್ದಾಗ ಕುಗ್ಗುವುದನ್ನು ತಡೆಯುತ್ತದೆ, ಖಾಲಿ ಕಾರನ್ನು ಹೆಚ್ಚು ಎತ್ತುವುದಿಲ್ಲ.

ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಏರುತ್ತದೆ, ಹಿಂದಿನ ಚಕ್ರಗಳ ನಡುವಿನ ಅಡ್ಡದಂಡ (ಆಕ್ಸಲ್) ಇದ್ದಲ್ಲೇ ಇರುತ್ತದೆ. ಎಲ್ಲವನ್ನೂ ಎತ್ತುವುದು ಟೈರ್ ಒಂದೇ. 145/80 ಆರ್13 ಅಳತೆಯ ಟೈರ್ ಬದಲು 155/80 ಆರ್13 ಹಾಕಿದರೆ ವ್ಯಾಸ 16 ಮಿ.ಮೀ. ಹೆಚ್ಚುತ್ತದೆ, ಅದರಲ್ಲಿ ಅರ್ಧ, ಅಂದರೆ 8 ಮಿ.ಮೀ. ಮಾತ್ರ ನಿಮ್ಮ ಲಾಭ. ಸ್ಪೀಡೋಮೀಟರ್ ಸುಮಾರು 3% ಕಡಿಮೆ ತೋರಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಳಗೆ ಎಲ್ಲೂ ಉಜ್ಜುವುದಿಲ್ಲವೆಂದು ಖಚಿತಪಡಿಸಿಕೊಂಡೇ ಕೊಳ್ಳಿ.

ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲೆ ಸ್ಪೇಸರ್ ಹಾಕಿಸುವುದೇ ಆದರೆ 15–20 ಮಿ.ಮೀ. ಸಾಕು, ದಯವಿಟ್ಟು ಅದಕ್ಕಿಂತ ದಪ್ಪದ್ದು ಬೇಡ. ಎತ್ತರ ಹೆಚ್ಚಿದಷ್ಟೂ ಚಕ್ರವನ್ನು ತಿರುಗಿಸುವ ದಂಡ (ಡ್ರೈವ್ ಶಾಫ್ಟ್) ಓರೆಯಾಗಿ, ಅದರ ಕೀಲಿನ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಗ್ರೀಸ್ ಸೋರಿ ಧೂಳು ಹೊಕ್ಕರೆ ತಿರುವಿನಲ್ಲಿ ಟಕಟಕ ಸದ್ದು ಶುರು. ಹಾಕಿಸಿದ ದಿನವೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ.