ಮೊಸರು ತಿಂದರೆ ರೇಡಿಯೇಷನ್ ತಡೆಯುತ್ತಾ?

ಪ್ರಶ್ನೆ: ಅಮ್ಮನಿಗೆ ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡುತ್ತಿದ್ದಾರೆ. ಮೂರನೇ ವಾರದಿಂದ ಭೇದಿ ಶುರುವಾಗಿದೆ. ಹೊಟ್ಟೆಯ ಬ್ಯಾಕ್ಟೀರಿಯಾ ರೇಡಿಯೇಷನ್‌ನಿಂದ ಕಾಪಾಡುತ್ತವಂತೆ, ಮೊಸರು ಜಾಸ್ತಿ ಕೊಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಬ್ಯಾಕ್ಟೀರಿಯಾದ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಕರುಳಿನ ಒಳಪದರ ಮೂರರಿಂದ ಐದು ದಿನಕ್ಕೆ ಉದುರಿ ಹೊಸದಾಗುತ್ತದೆ. ರೇಡಿಯೇಷನ್ ಹೊಡೆಯುವುದು ಆ ಹೊಸದನ್ನು ಹುಟ್ಟಿಸುವ ಜೀವಕೋಶಗಳನ್ನೇ. ಹಳೆಯದು ಉದುರಿತು, ಹೊಸದು ಬರಲಿಲ್ಲ, ಅದಕ್ಕೇ ಭೇದಿ. ಅಣು ಅಪಘಾತದಲ್ಲಿ ಇಡೀ ಮೈಗೆ ಭಾರಿ ಡೋಸ್ ಬಿದ್ದವರಿಗೆ ರಕ್ತಕಣ ಹುಟ್ಟಿಸುವ ಮೂಳೆಮಜ್ಜೆಯೂ ಕೈಕೊಟ್ಟು, ಸೋಂಕು ತಡೆಯುವ ಬಿಳಿ ರಕ್ತಕಣ ಇಳಿಯುತ್ತದೆ, ಅಷ್ಟು ವರ್ಷ ಕರುಳಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳು ಆಗ ರಕ್ತಕ್ಕೆ ನುಗ್ಗಿ ಜೀವಕ್ಕೇ ಕುತ್ತು ತರುತ್ತವೆ. ಬ್ಯಾಕ್ಟೀರಿಯಾ ಸೋಕದಂತೆ ಸಾಕಿದ ಇಲಿಗಳ ಕರುಳು ರೇಡಿಯೇಷನ್ನನ್ನು ಚೆನ್ನಾಗಿ ತಾಳಿಕೊಂಡದ್ದು 2005ರಲ್ಲೇ ಕಂಡಿತ್ತು. ಹಾಗಾದರೆ ಈ ಬ್ಯಾಕ್ಟೀರಿಯಾಗಳು ಶತ್ರುಗಳೇ ಅಲ್ವಾ?

ಅಷ್ಟು ಸುಲಭವಿಲ್ಲ. 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಜೆನ್ನಿ ಟಿಂಗ್ ಅವರ ತಂಡ, ಸಾಯಿಸುವಷ್ಟು ರೇಡಿಯೇಷನ್ ಬಿದ್ದರೂ ಬದುಕಿಬಿಟ್ಟ ಕೆಲವೇ ಇಲಿಗಳನ್ನು ಹಿಡಿದು ನೋಡಿತು. ಅವುಗಳ ಕರುಳಲ್ಲಿ ಲ್ಯಾಕ್ನೋಸ್ಪೈರೇಸಿ, ಎಂಟರೊಕಾಕೇಸಿ ಎಂಬ ಎರಡು ಕುಟುಂಬದ ಬ್ಯಾಕ್ಟೀರಿಯಾ ಜಾಸ್ತಿ ಇದ್ದವು. ಆ ಇಲಿಗಳ ಹಿಕ್ಕೆಯಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೇರೆ ಇಲಿಗಳಿಗೆ ದಾಟಿಸಿದರೆ ಅವೂ ಹೆಚ್ಚು ಬದುಕಿದವು (ಓದುವಾಗ ಊಟ ಮಾಡುತ್ತಿದ್ದರೆ ಕ್ಷಮಿಸಿ). ಕೆಲಸ ಮಾಡುವುದು ಬ್ಯಾಕ್ಟೀರಿಯಾ ತಯಾರಿಸುವ ಪ್ರೊಪಿಯೋನೇಟ್‌ನಂಥ ವಸ್ತುಗಳು. ಅವು ಮಜ್ಜೆಗೂ ಕರುಳಿಗೂ ಆಸರೆ. ಇಡೀ ಮೈಗೆ ರೇಡಿಯೇಷನ್ ಪಡೆದ 21 ರಕ್ತ ಕ್ಯಾನ್ಸರ್ ರೋಗಿಗಳಲ್ಲೂ, ಭೇದಿ ಬೇಗ ನಿಂತವರಲ್ಲಿ ಇವೇ ಕುಟುಂಬಗಳು ಜಾಸ್ತಿ ಇದ್ದವು. 21 ಜನ ಅಂದರೆ ಸುಳಿವು ಮಾತ್ರ, ಚಿಕಿತ್ಸೆಯಲ್ಲ. ಎಂಟರೊಕಾಕೇಸಿ ಕುಟುಂಬದಲ್ಲೇ ಆಸ್ಪತ್ರೆ ಸೋಂಕು ತರುವ ಕಿಡಿಗೇಡಿಗಳೂ ಇದ್ದಾರೆ!

ಇನ್ನು ಮೊಸರು. ಹಾಲು ಹೆಪ್ಪಾಗಿಸುವ ಲ್ಯಾಕ್ಟೋಬ್ಯಾಸಿಲಸ್ ಬೇರೆ ಜಾತಿ, ಇಲಿಗಳನ್ನು ಉಳಿಸಿದ್ದು ಅದಲ್ಲ. ಅಮ್ಮನಿಗೆ ಒಗ್ಗುತ್ತಿದ್ದರೆ, ಡಾಕ್ಟರು ಬೇಡ ಅಂದಿಲ್ಲದಿದ್ದರೆ ಊಟಕ್ಕೆ ಮೊಸರು ಇರಲಿ, ಔಷಧಿ ಅಂತ ಬಟ್ಟಲುಗಟ್ಟಲೆ ಬೇಡ. ಪ್ರೊಬಯಾಟಿಕ್ ಮಾತ್ರೆಯನ್ನಂತೂ ಕೇಳದೆ ಕೊಡಬೇಡಿ, ಬಿಳಿ ರಕ್ತಕಣ ಇಳಿದಿದ್ದಾಗ ಜೀವಂತ ಬ್ಯಾಕ್ಟೀರಿಯಾ ನುಂಗುವುದೇ ಅಪಾಯವಾಗಬಹುದು. ಓಆರ್‌ಎಸ್ ಕುಡಿಸುತ್ತಿರಿ. ದಿನಕ್ಕೆ ಎಷ್ಟು ಸಲ ಹೋದರು ಅಂತ ಬರೆದಿಟ್ಟು ರೇಡಿಯೇಷನ್‌ಗೆ ಹೋದಾಗ ಹೇಳಿ. ಜ್ವರ ಬಂದರೆ ಅಥವಾ ರಕ್ತ ಕಂಡರೆ ಅವತ್ತೇ ಫೋನ್ ಮಾಡಿ.